ಹೋಗುವ ಮಾತಿಗೆ ಅಡ್ಡಿಯಿಲ್ಲ

ಪುಂಜಾಲಕಟ್ಟೆಯ ಮೂಸಾಕ ಸೌದಿಯ ದಮಾಮಿನ ಒಂದು ಎಣ್ಣೆ ಕಂಪೆನಿಯ ಗೇಟಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾವಲು ಕೂತವರು. ಬೇರೆಯವರು ಗಲ್ಫಿನಿಂದ ಚಿನ್ನ, ಅತ್ತರು, ಸೊಂಟನೋವು ತಂದರೆ ಮೂಸಾಕ ತಂದದ್ದು ಒಂದು ಪ್ರಶ್ನೆ: "ಯಾರು? ಎಲ್ಲಿಂದ?" ಪಾಸು ಮರೆತು ಬಂದ ಸ್ವಂತ ಮ್ಯಾನೇಜರನನ್ನೇ ಅವರು ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಈ ಕಥೆಯನ್ನು ಮದುವೆ ಮನೆಯಲ್ಲೂ ಹೇಳುತ್ತಿದ್ದರು, ಮಯ್ಯತ್ತು ಇಟ್ಟ ಸಾವಿನ ಮನೆಯಲ್ಲೂ ಹೇಳುತ್ತಿದ್ದರು. ಮ್ಯಾನೇಜರ್ ಬಿಸಿಲಲ್ಲಿ ನಿಂತ ಹೊತ್ತು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು.

ಅಪರಿಚಿತನನ್ನು ಕಂಡರೆ ಯಾವ ಮನೆ, ಯಾರ ಮಗ ಎಂದು ವಿಚಾರಿಸುವುದು ನಮ್ಮ ಕಡೆ ಕುತೂಹಲವಲ್ಲ, ಉಪಚಾರ. ಬಸ್ಸಿನಲ್ಲಿ ಪಕ್ಕ ಕೂತವನು ಬಂಟ್ವಾಳ ಬರುವುದರೊಳಗೆ ದೂರದ ನೆಂಟನಾಗಿಯೇ ಇಳಿಯುತ್ತಾನೆ. ಆದರೆ ಮೂಸಾಕ ಈ ಉಪಚಾರವನ್ನು ಮೂರು ತಲೆಮಾರಿನವರೆಗೆ ಎಳೆಯುತ್ತಿದ್ದರು. ಕಿರಿಯ ಮಗಳು ಸಜ್ನಾಳಿಗೆ ಬಂದ ಸಂಬಂಧಗಳೆಲ್ಲ ಹಾಗೆಯೇ ಗೇಟಿನಿಂದ ತಿರುಗಿ ಹೋದವು. ಒಬ್ಬ ಹುಡುಗನ ತಂದೆಗೆ ತನ್ನ ಅಜ್ಜಿಯ ತವರೂರು ಹೇಳಲು ಬರಲಿಲ್ಲ ಎಂಬುದೇ ಆ ಹುಡುಗನ ದೋಷವಾಯಿತು.

"ನಿಮಗೆ ನಿಮ್ಮ ಅಜ್ಜಿಯ ಊರು ಗೊತ್ತುಂಟಾ?" ಎಂದು ಹೆಂಡತಿ ಸೈನಬ ಕೇಳಿದ್ದಕ್ಕೆ, "ಗೇಟಲ್ಲಿ ಕೂತವನ ಹತ್ತಿರ ಯಾರೂ ಪಾಸು ಕೇಳುವುದಿಲ್ಲ" ಎಂದಿದ್ದರು.

ಇಂಥವರ ಕೈಗೆ ಜಿತೇಶ ಒಂದು ಫೈರ್‌ವಾಲ್ ಕೊಟ್ಟ.

ಜಿತೇಶನದು ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ. ಯಾರದೋ ಮನೆಯ ಕ್ಯಾಮರಾದೊಳಗೆ ಪರದೇಶದ ಕಳ್ಳರು ಇಂಟರ್‌ನೆಟ್ಟಿನಲ್ಲಿ ನುಗ್ಗಿ, ಆ ಮನೆಯವರು ಊಟ ಮಾಡುವುದನ್ನು ನೋಡುತ್ತಿದ್ದರಂತೆ ಎಂಬ ಸುದ್ದಿ ಕೇಳಿ ಮೂಸಾಕ ಅಲ್ಲಿಗೆ ಹೋದರು. ಜಿತೇಶ ತಂದು ಜೋಡಿಸಿದ್ದು ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ. ಮನೆಯ ವೈಫೈಗೂ ಹೊರಗಿನ ಲೋಕಕ್ಕೂ ನಡುವೆ ಅದು ಕೂತಿತು. ಅದರ ಆ್ಯಪನ್ನು ಮೂಸಾಕರ ಫೋನಿಗೆ ಹಾಕಿಕೊಟ್ಟ.

"ಇದು ನಿಮ್ಮ ಹಾಗೆಯೇ ಮೂಸಾಕ" ಎಂದ ಜಿತೇಶ. "ಗೇಟಲ್ಲಿ ಕೂತುಕೊಳ್ತದೆ. ಮನೆ ಒಳಗಿಂದ ಯಾರಾದ್ರೂ ಹೊರಗೆ ಎಂತಾದ್ರೂ ಕೇಳಿ ಕಳಿಸಿದ್ರೆ ನೆನಪಿಟ್ಟುಕೊಳ್ತದೆ. ಅದಕ್ಕೆ ಉತ್ತರ ಬಂದ್ರೆ ಬಿಡ್ತದೆ. ಕೇಳದೆ ಬಂದವರನ್ನು ಹೊರಗೆಯೇ ಬಿಸಾಡ್ತದೆ."

"ಉತ್ತರ ಅಂತ ಸುಳ್ಳು ಹೇಳಿ ಬಂದ್ರೆ?"

"ಹಾಗೆಲ್ಲ ಬರ್ಲಿಕ್ಕೆ ಆಗುದಿಲ್ಲ ಮಾರ್ರೆ. ಅದಕ್ಕೆ ಗೊತ್ತಾಗ್ತದೆ."

"ನನಗೂ ಗೊತ್ತಾಗ್ತಿತ್ತು. ಒಬ್ಬ ಪಾರ್ಸೆಲ್ ಹಿಡ್ಕೊಂಡು ಬಂದು, ಒಳಗಿನವರು ಊಟ ಹೇಳಿದ್ದಾರೆ ಅಂದ. ಬಿಟ್ಟೆ. ಒಳಗೆ ಹೋದವ ವಾಪಸ್ ಬಂದದ್ದನ್ನು ಇವತ್ತಿನವರೆಗೆ ಯಾರೂ ನೋಡ್ಲಿಲ್ಲ."

ಜಿತೇಶ ಹೋಗುವಾಗ, "ಉತ್ತರ ಬಂದ್ರೆ ಬಿಡು ಅಂತ ಇಲ್ಲೊಂದು ಟಿಕ್ ಉಂಟಲ್ಲ, ಅದನ್ನು ಮಾತ್ರ ತೆಗಿಬೇಡಿ" ಎಂದು ಎರಡು ಸಲ ಹೇಳಿದ. ಅವನ ಬೈಕು ತಿರುವು ದಾಟುವ ಮೊದಲು ಮೂಸಾಕ ಆ ಟಿಕ್ ತೆಗೆದರು. ಇನ್ನು ಮುಂದೆ, ಕೇಳಿ ಬಂದವರಿರಲಿ ಕೇಳದೆ ಬಂದವರಿರಲಿ, ಒಳಗೆ ಬರಬೇಕಾದರೆ ಅವರೇ ಬೆರಳಿಟ್ಟು ಒಪ್ಪಬೇಕು. ಹೊರಗೆ ಹೋಗುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಹೋಗುವವರನ್ನು ತಡೆಯುವುದು ಮರ್ಯಾದೆಯಲ್ಲ ಎಂಬುದು ಅವರ ಸಿದ್ಧಾಂತ.

ಮನೆಯ ನಡವಳಿಕೆ ಅಂದಿನಿಂದ ಬದಲಾಯಿತು. ಬಟ್ಟೆ ತೊಳೆಯುವ ಮೆಷಿನಿಗೆ ಪರದೇಶದಿಂದ ಏನೋ ಸಮಾಚಾರ ಬರುತ್ತಿದೆ ಎಂದು ಆ್ಯಪ್ ತೋರಿಸಿದಾಗ ಮೂಸಾಕ ದಂಗಾದರು. "ಇದಕ್ಕೆ ಅಲ್ಲಿ ಯಾರಿದ್ದಾರೆ?" ಎಂದು ಹೆಂಡತಿಯನ್ನು ಕೇಳಿ, ಬಂದ್ ಮಾಡಿದರು. ಅಂದಿನಿಂದ ಮೆಷಿನು ಕೆಲಸ ಮುಗಿದ ಮೇಲೂ ತವರಿನ ಸುದ್ದಿ ಬಾರದ ಸೊಸೆಯಂತೆ ಕುಂಯ್ ಕುಂಯ್ ಎನ್ನುತ್ತಿತ್ತು. ಹೊಸ ಆ್ಯಪ್ ಹಾಕಿದವರು ಮನೆಮುಂದಿನ ಸಿಟೌಟಿನಲ್ಲಿ ಅವರ ಕುರ್ಚಿಯ ಮುಂದೆ ಬಂದು ನಿಂತು ಅದರ ಕುಲಗೋತ್ರ ಹೇಳಬೇಕಾಯಿತು.

ಸಜ್ನಾಳಿಗೆ ಮೂಡುಬಿದಿರೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಹೊಸ ಪುಸ್ತಕಗಳ ವಿವರವನ್ನು ಕೆಲವೊಮ್ಮೆ ಮನೆಯಿಂದಲೇ ಕಳಿಸುತ್ತಿದ್ದಳು. ಈಗ ವಿವರ ಹೋಗುತ್ತಿತ್ತು, 'ತಲುಪಿತು' ಎಂಬ ಉತ್ತರ ಗೇಟಿನಲ್ಲೇ ಸಾಯುತ್ತಿತ್ತು. ಉತ್ತರ ಬಾರದ್ದರಿಂದ ಆ ಸಾಫ್ಟ್‌ವೇರ್ ಪಾಪ, ತಲುಪಲಿಲ್ಲವೇನೋ ಎಂದು ಮತ್ತೆ ಮತ್ತೆ ಕಳಿಸುತ್ತಿತ್ತು. ಒಂದೇ ಒಂದು ನಿಘಂಟು ತಂದ ಕಾಲೇಜಿನ ಪಟ್ಟಿಯಲ್ಲಿ ಕಪಾಟು ತುಂಬುವಷ್ಟು ನಿಘಂಟುಗಳಾದವು. ಮೇಲಿನವರಿಂದ ಬೈಸಿಕೊಂಡ ಸಜ್ನಾ ತಂದೆಯ ಮುಂದೆ ನಿಂತಳು.

"ಉಪ್ಪ, ಇದು ನನ್ನ ಕಾಲೇಜು. ಬಿಡಿ."

"ಕಾಲೇಜು ಮೂಡುಬಿದಿರೆಯಲ್ಲಿ ಅಲ್ವಾ? ಇದು ಮುಂಬೈಯಿಂದ ಬರುವುದು ಅಂತ ತೋರಿಸ್ತದೆ."

"ಅವರ ಸರ್ವರ್ ಮುಂಬೈಯಲ್ಲಿ ಉಂಟು."

"ಮೂಡುಬಿದಿರೆಯ ಪುಸ್ತಕಕ್ಕೆ ಮುಂಬೈಯಲ್ಲಿ ಎಂತ ಕೆಲಸ?"

ಸಜ್ನಾ ಪುನಃ ದಿನವೂ ಎರಡು ಬಸ್ಸು ಬದಲಿಸಿ ಕಾಲೇಜಿನಲ್ಲೇ ಕೂತು ಕೆಲಸ ಮುಗಿಸತೊಡಗಿದಳು.

ಅಷ್ಟರಲ್ಲಿ ಉಜಿರೆಯ ಸಂಬಂಧ ಬಂತು. ಹುಡುಗ ಅಝೀಮ್ ದೋಹಾದಲ್ಲಿ ಎಂಜಿನಿಯರ್. ತಂದೆ ಮೊಯಿದಿನಬ್ಬ ಹಾಜಿಗೆ ಬಟ್ಟೆ ಅಂಗಡಿ. ಮೂಸಾಕ ಎಂದಿನಂತೆ ವಿಚಾರಣೆ ಶುರು ಮಾಡಿದರೆ ಹಾಜಿ ಐದು ತಲೆಮಾರಿನವರೆಗೆ ನಿಧಾನವಾಗಿ, ಒಂದೊಂದೇ ಹೆಸರಾಗಿ ಹೇಳಿದರು. ಮೂರನೆಯದಕ್ಕೆ ಮೂಸಾಕರೇ ಸಾಕು ಎಂದರು. ಉಜಿರೆಯವರು ಬಂದು ಹುಡುಗಿಯನ್ನು ನೋಡಿದರು. ಇವರು ಉಜಿರೆಗೆ ಹೋಗಿ ಹಾಜಿಯ ಹೆಂಡತಿ ಬೀಪಾತುಮ್ಮ ಮಾಡಿದ ಬಿರಿಯಾನಿ ಉಂಡರು. ಹುಡುಕಿದರೂ ತಪ್ಪು ಸಿಗದ ಇಂಥ ಮನೆ ಮತ್ತೆ ಸಿಗುವುದಿಲ್ಲ ಎಂದು ಮೂಸಾಕರಿಗೆ ಖಾತ್ರಿಯಾಗಿತ್ತು. ಇದೂ ತಪ್ಪಿದರೆ, ನಮ್ಮ ಗೇಟಿನವರೆಗೆ ಇನ್ಯಾರೂ ಬರುವುದಿಲ್ಲ ಎಂದು ಸೈನಬ ಹೇಳಿಯೂ ಇಟ್ಟಿದ್ದರು. ಹುಡುಗ ಹುಡುಗಿ ಒಮ್ಮೆ ಮಾತಾಡುವುದೊಂದು ಬಾಕಿ. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ, ದೋಹಾದಿಂದ ಅವನು, ಉಜಿರೆಯಿಂದ ಅವನ ಮನೆಯವರು, ಪುಂಜಾಲಕಟ್ಟೆಯಿಂದ ಇವರು, ಎಲ್ಲರೂ ಒಟ್ಟಿಗೆ ವಿಡಿಯೋದಲ್ಲಿ ಸೇರುವ ಎಂದಾಯಿತು. ಅಝೀಮ್ ತನ್ನ ಕಂಪೆನಿಯವರು ಬಳಸುವ ಆ್ಯಪ್‌ನ ಲಿಂಕ್ ಕಳಿಸಿದ.

ಮೂಸಾಕ ಬೆಳಿಗ್ಗೆಯೇ ನೀರಿನ ಟಾಂಕಿಯ ಮೇಲೆ ಹತ್ತಿ ಜಿತೇಶನಿಗೆ ಫೋನ್ ಮಾಡಿ, ಯಾವ ವಿಳಾಸ ಬಿಡಬೇಕೆಂದು ಕೇಳಿದರು. ಅವನು ಹೇಳಿದ ಒಂದು ವಿಳಾಸವನ್ನು ಒಳಗೆ ಬರಲು ಬಿಟ್ಟರು. "ಅದು ಬರೇ ಕರೆ ಹಚ್ಚಲಿಕ್ಕೆ ಮೂಸಾಕ. ಮಾತು, ಚಿತ್ರ ಎಲ್ಲ ಬೇರೆ ದಾರಿಯಲ್ಲಿ ಬರ್ತದೆ. ಅದಕ್ಕೆ..." ಎಂದು ಜಿತೇಶ ಮುಂದುವರಿಸಿದ್ದ. ಬಂದವರು ಒಂದು ದಾರಿಯಲ್ಲಿ, ಅವರ ಮಾತು ಇನ್ನೊಂದು ದಾರಿಯಲ್ಲಿ ಬರುವುದು ಮೂಸಾಕರಿಗೆ ಹಿಡಿಸಲಿಲ್ಲ. ಫೋನ್ ಇಟ್ಟರು.

ಮಧ್ಯಾಹ್ನ ಸೋಫಾಕ್ಕೆ ಹೊಸ ಹೊದಿಕೆ ಬಂತು. ಸೈನಬ ಲ್ಯಾಪ್‌ಟಾಪಿನ ಮುಂದೆ ಗೋಡಂಬಿ, ಹಲ್ವ, ಬಿಸ್ಕೆಟುಗಳ ತಟ್ಟೆ ಇಟ್ಟರು.

"ಉಮ್ಮ, ಯಾರು ತಿನ್ನುವುದು ಇದನ್ನು? ಅವರು ದೋಹಾದಲ್ಲಿದ್ದಾರೆ."

"ಬಂದವರ ಎದುರು ಖಾಲಿ ಟೀಪಾಯಿ ಇಡ್ಲಿಕ್ಕೆ ಆಗ್ತದಾ?"

ಮೂಸಾಕ ಎಲ್ಲರ ಫೋನುಗಳನ್ನು ಸಂಗ್ರಹಿಸಿ, ಸದ್ದು ನಿಲ್ಲಿಸಿ, ಒಳಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ದೊಡ್ಡವರ ಭೇಟಿಯ ದಿನ ದಮಾಮಿನಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಅವರ ಫೋನು ಮಾತ್ರ ಅವರ ಕೈಯಲ್ಲೇ ಇತ್ತು. ಮನೆ ತಗ್ಗಿನಲ್ಲಿದ್ದುದರಿಂದ ಅದಕ್ಕೆ ನೀರಿನ ಟಾಂಕಿಯ ಮೇಲೆ ಹತ್ತದೆ ರೇಂಜು ಸಿಗದು. ಆದರೆ ಗೇಟು ಕಾಯಲು ವೈಫೈ ಸಾಕು.

ಲಿಂಕ್ ಒತ್ತಿದ್ದಾಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು. ಸಜ್ನಾ ದುಪಟ್ಟಾ ಸರಿಮಾಡಿಕೊಂಡಳು. ಸೈನಬ ಚಕ್ರಕ್ಕೆ ಸಲಾಂ ಹೇಳಿದರು. ಅದು ತಿರುಗುತ್ತಲೇ ಇತ್ತು.

"ಲಿಂಕ್ ಬಂತು, ಮನುಷ್ಯರು ಬರ್ಲಿಲ್ಲ" ಎಂದರು ಮೂಸಾಕ. "ಅವರ ಕಡೆಯ ನೆಟ್ಟು ಸರಿ ಇಲ್ಲ."

ಮನೆಗೆ ಬಂದವರು ಇರುವಷ್ಟು ಹೊತ್ತು ನಮ್ಮಲ್ಲಿ ಯಾರೂ ಏನೂ ಹೇಳುವುದಿಲ್ಲ. ಚಹಾ ಆಯಿತಾ, ಬಸ್ಸು ಸಿಕ್ಕಿತಾ, ಸೆಖೆ ಜಾಸ್ತಿಯಲ್ಲವಾ, ಇಷ್ಟರಲ್ಲೇ ಒಂದು ಸಂಬಂಧ ಕುದುರುತ್ತದೆ ಇಲ್ಲವೇ ಮುರಿಯುತ್ತದೆ. ನಿಜವಾದ ಮಾತು ಅವರ ಕಾರಿನ ಸದ್ದು ತಿರುವಿನಾಚೆ ಕರಗಿ, ಬಾಗಿಲ ಚಿಲಕ ಬಿದ್ದ ಮೇಲೆಯೇ. ಇಲ್ಲಿ ಬಂದವರೇ ಇಲ್ಲದ್ದರಿಂದ ಮಾತು ಕೂಡಲೇ ಶುರುವಾಯಿತು.

"ಬರದಿದ್ರೆ ಬೇಡ" ಎಂದರು ಸೈನಬ, ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡು. "ಆದ್ರೆ ಆ ಬಿರಿಯಾನಿ! ಅನ್ನ ಒಂದು ಕಡೆ, ಮಾಂಸ ಒಂದು ಕಡೆ. ಒಂದೇ ಪಾತ್ರೆಯಲ್ಲಿ ಇತ್ತು ಅಂತ ಹೇಳ್ಬೇಕಷ್ಟೆ. ಬೀಪಾತುಮ್ಮ ಬೇರೆ, 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಅಂತ ಬಡಿಸಿದ್ದು. ನಾನು ಉಸಿರು ಬಿಗಿಹಿಡಿದು ನುಂಗಿದೆ."

"ಹಾಜಿಯವರು ಒಳ್ಳೆಯ ಜನ" ಎಂದರು ಮೂಸಾಕ. "ಆದ್ರೆ ಅವರು ಒಂದು ಮಾತು ಹೇಳಿ ಮುಗಿಸುವಾಗ ಬಸ್ಸು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರ್ತದೆ."

"ಹುಡುಗನ ಕಿವಿ ನೋಡಿದ್ರಾ ಫೋಟೋದಲ್ಲಿ? ಹೆಲ್ಮೆಟ್ ಹಾಕ್ಲಿಕ್ಕೆ ಕಷ್ಟ ಆಗ್ಬಹುದು."

"ಇರ್ಲಿ ಉಮ್ಮ" ಎಂದಳು ಸಜ್ನಾ. "ಹೇಳಿದ್ದು ಕೇಳುವ ಕಿವಿಯಾದ್ರೆ ಸಾಕು. ಈ ಮನೆಯಲ್ಲಿ ಅದೂ ಇಲ್ಲ."

"ಬಿರಿಯಾನಿ ಮಾತ್ರ..." ಎಂದು ಸೈನಬ ಮತ್ತೆ ಮೊದಲಿನಿಂದ ಶುರು ಮಾಡಿದರು.

ಅವರು ಬರುವುದರೊಳಗೆ ಅಭ್ಯಾಸವಾದರೂ ಆಗಲಿ ಎಂದು ಸಜ್ನಾ ಲ್ಯಾಪ್‌ಟಾಪಿನ ಎದುರು ನೆಟ್ಟಗೆ ಕೂತಳು. ಮಾತಿಗೆ ಕೂತಾಗ ಏನು ಕೇಳಬೇಕೆಂದು ಅವಳು ಬಸ್ಸಿನಲ್ಲೇ ಯೋಚಿಸಿ ಇಟ್ಟಿದ್ದಳು. ತಿರುಗುವ ಚಕ್ರವನ್ನು ನೋಡಿ ಗಂಟಲು ಸರಿಮಾಡಿಕೊಂಡು, "ನಾನು ಕೆಲಸ ಬಿಡುವುದಿಲ್ಲ. ನಿಮಗೆ ತೊಂದರೆ ಉಂಟಾ?" ಎಂದು ಕೇಳಿ ಸುಮ್ಮನಾದಳು.

ಮೂಸಾಕ ಹೊತ್ತು ಕಳೆಯಲು ಫೈರ್‌ವಾಲಿನ ಆ್ಯಪ್ ತೆರೆದರು. ಕೆಂಪು ಗೆರೆಗಳು. ತಡೆದದ್ದು, ತಡೆದದ್ದು, ತಡೆದದ್ದು. ಒಬ್ಬನೇ, ಒಂದೇ ವಿಳಾಸದಿಂದ. ಒಂದು ಬಾಗಿಲಲ್ಲಿ ಆಗಲಿಲ್ಲವೆಂದು ಇನ್ನೊಂದರಲ್ಲಿ, ಅದೂ ಇಲ್ಲದಿದ್ದರೆ ಮತ್ತೊಂದರಲ್ಲಿ ಬಡಿಯುತ್ತಿದ್ದಾನೆ. ಮೂಸಾಕರ ಬೆನ್ನು ತಾನಾಗಿ ನೆಟ್ಟಗಾಯಿತು. ಎಷ್ಟೋ ವರ್ಷಗಳ ಮೇಲೆ ಒಬ್ಬ ನಿಜವಾದ ಕಳ್ಳ ಸಿಕ್ಕಿದ್ದ.

"ನನಗೆ ಕಾರಿನ ಲೈಸೆನ್ಸ್ ಉಂಟು. ಒಟ್ಟಿಗೆ ಹೋಗುವಾಗ ಗಾಡಿ ನಾನು ಓಡಿಸ್ಬಹುದಾ?" ಎಂದಳು ಸಜ್ನಾ ಚಕ್ರಕ್ಕೆ.

ಕೆಂಪು ಗೆರೆಗಳು ಸರಸರನೆ ಬಿದ್ದವು.

"ನನ್ನ ಫೋನು ಬಂದಾಗಲೆಲ್ಲ ಯಾರು, ಎಲ್ಲಿಂದ ಅಂತ ಕೇಳ್ತೀರಾ?"

ಮತ್ತೆ ಸರಸರ. ಮೂಸಾಕ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಫೋನನ್ನು ನೋಡಿದರು. ಅವಳು ಕೇಳುವಾಗ ಕಳ್ಳ ಸುಮ್ಮನಿರುತ್ತಾನೆ, ಅವಳು ನಿಲ್ಲಿಸಿದ ಕೂಡಲೇ ಬಡಿಯುತ್ತಾನೆ. ಇಂಥ ಶಿಸ್ತಿನ ಕಳ್ಳನನ್ನು ಅವರು ದಮಾಮಿನಲ್ಲೂ ಕಂಡಿರಲಿಲ್ಲ.

"ಸಜ್ನಾ, ಯಾವನೋ ಕತಾರಿನವ ನಮ್ಮ ಗೇಟಿಗೆ ಬಡಿಯುತ್ತಾ ಇದ್ದಾನೆ. ನೀನು ಮಾತಾಡಿದಾಗಲೆಲ್ಲ ಅವನಿಗೆ ಹುಚ್ಚು ಹಿಡಿತದೆ."

ಸಜ್ನಾ ನಿಧಾನವಾಗಿ ತಿರುಗಿದಳು. "ಉಪ್ಪ, ದೋಹಾ ಎಲ್ಲಿರುವುದು?"

"ಕತಾರ್..." ಎಂದರು ಮೂಸಾಕ.

ಚಕ್ರ ತಿರುಗುತ್ತಿತ್ತು. ಸೈನಬ ಎತ್ತಿದ ಗೋಡಂಬಿ ಗಾಳಿಯಲ್ಲೇ ನಿಂತಿತು.

"ಅಂದ್ರೆ ಅವರ ಮಾತು ಒಳಗೆ ಬರುದಿಲ್ಲ" ಎಂದಳು ಸಜ್ನಾ, ಬಾಯಿಗೆ ದುಪಟ್ಟಾ ಅಡ್ಡ ಹಿಡಿದು, ಪಿಸುದನಿಯಲ್ಲಿ. "ನಮ್ಮದು ಹೊರಗೆ ಹೋಗ್ತದೆ. ನನ್ನ ನಿಘಂಟಿನ ಹಾಗೆ. ಎಲ್ಲ ಹೋಗಿದೆ."

"ಎಲ್ಲ ಅಂದ್ರೆ?" ಎಂದರು ಸೈನಬ. "ಬಿರಿಯಾನಿ?"

"ಎರಡು ಸಲ, ಉಮ್ಮ."

ಸೈನಬ ಮೆಲ್ಲನೆ ತಟ್ಟೆಯನ್ನು ಲ್ಯಾಪ್‌ಟಾಪಿನ ಕಡೆಗೆ ಇನ್ನಷ್ಟು ಸರಿಸಿದರು, ಉಪಚಾರದಿಂದ ಏನಾದರೂ ಉಳಿದೀತೆಂಬ ಆಸೆಯಿಂದ. ಮೂಸಾಕ ಫೋನನ್ನು ಮಗುಚಿ ಮಡಿಲಲ್ಲಿಟ್ಟರು. ಇಷ್ಟು ವರ್ಷ ಹುಡುಕಿ ಹಿಡಿದ ಸಂಬಂಧ! ಸಂಬಂಧದ ಹುಡುಗನನ್ನು ಬಿಸಿಲಲ್ಲಿ ನಿಲ್ಲಿಸಿ, ಅವನ ತಂದೆ, ತಾಯಿ, ಕಿವಿ ಮೂರನ್ನೂ ಅವನಿಗೇ ವರದಿ ಮಾಡಿದ್ದಾಗಿತ್ತು.

"ಬಂದ್ ಇರ್ಲಿ" ಎಂದರು ಗುಟ್ಟಾಗಿ. "ಲ್ಯಾಪ್‌ಟಾಪ್ ಮುಚ್ಚಿಬಿಡುವ. ನೆಟ್ಟು ಹೋಯ್ತು ಅಂತ ಹೇಳಿದ್ರಾಯ್ತು."

"ಗೇಟು ತೆಗಿರಿ ಉಪ್ಪ. ಅವನಿಗೆ ಕೇಳಿದ್ದು ಕೇಳಿಯಾಗಿದೆ. ನನ್ನ ಮೂರು ಪ್ರಶ್ನೆಗೆ ಉತ್ತರ ಬೇಕು ನನಗೆ."

ಮೂಸಾಕ ಫೋನಿನಲ್ಲಿ ಅಂದು ತೆಗೆದ ಟಿಕ್ಕಿನ ಜಾಗ ಹುಡುಕಿದರು. ಆ ಪಾರ್ಸೆಲಿನವನ ನಂತರ ಪಾಸಿಲ್ಲದವನನ್ನು ಬಿಡುತ್ತಿರುವುದು ಇದೇ ಮೊದಲು. ಒತ್ತಿದರು.

ಚಕ್ರ ನಿಂತಿತು. ಪರದೆಯ ತುಂಬ ಮುಖಗಳು. ತಡೆದ ಮಾತುಗಳು ಎಲ್ಲೋ ಬಿದ್ದು ಹೋಗಿದ್ದವು. ಬಂದದ್ದು ನಡುವಿನಿಂದ.

"...ನೀವೇ ಓಡಿಸಿ, ನನಗೆ ರಿವರ್ಸ್ ತೆಗಿಲಿಕ್ಕೆ ಬರುವುದೇ ಇಲ್ಲ. ಇದು ಹೇಳುವುದು ಐದನೇ ಸಲ. ಕೇಳ್ತದಾ?" ಎನ್ನುತ್ತಿದ್ದ ಅಝೀಮ್. ಕೂಗಿ ಕೂಗಿ ಅವನ ಸ್ವರ ಬಿದ್ದಿತ್ತು. ಕಿವಿಗಳು ಫೋಟೋದಲ್ಲಿದ್ದ ಹಾಗೆಯೇ ಇದ್ದವು, ಈಗ ಕೆಂಪಗಿದ್ದವು.

"ಕೇಳ್ತದೆ" ಎಂದಳು ಸಜ್ನಾ.

ಉಜಿರೆಯ ಚೌಕದಲ್ಲಿ ಮೊಯಿದಿನಬ್ಬ ಹಾಜಿ, ಹೆಂಡತಿ ಬೀಪಾತುಮ್ಮ, ಮಗಳು ರಶೀನಾ ಸಾಲಾಗಿ ಕೂತಿದ್ದರು. ಯಾರ ಮುಖದಲ್ಲೂ ಒಂದು ಗೆರೆಯಿಲ್ಲ. ಹಾಜಿ ಗಂಟಲು ಸರಿಪಡಿಸಿಕೊಂಡರು. ಎಲ್ಲರೂ ಕಾದರು. ಬಸ್ಸು ಧರ್ಮಸ್ಥಳಕ್ಕೆ ಹೋಯಿತು.

"ಮೂಸಾಕ" ಎಂದರು ಹಾಜಿ. "ನಿಮಗೆ ಎಷ್ಟೋ ಸಲ ಫೋನ್ ಮಾಡಿದೆವು. ನಿಮ್ಮ ಮಾತೆಲ್ಲ ಕೇಳ್ತಾ ಉಂಟು ಅಂತ ಹೇಳ್ಲಿಕ್ಕೆ. ಯಾರೂ ತೆಗಿಲಿಲ್ಲ." ಬಸ್ಸು ವಾಪಸ್ ಬಂತು. "ಮತ್ತೆ... ಬಿರಿಯಾನಿಯ ವಿಷಯ. ಅದು ಸೈನಬ ಹೇಳಿದ್ದು ಸರಿ. ನಾನು ಮದುವೆ ಆದ ದಿನದಿಂದ ಹೇಳ್ಬೇಕು ಅಂತ ಇದ್ದೆ."

"ಹೌದಾ?" ಎಂದರು ಬೀಪಾತುಮ್ಮ. ಗಂಡನ ಕಡೆ ನೋಡಲೂ ಇಲ್ಲ. "ನಿಮ್ಮದು ಆಮೇಲೆ ನೋಡುವ."

"ಬೀಪಾತುಮ್ಮ, ತಪ್ಪಾಯ್ತು" ಎಂದು ಸೈನಬ ಶುರು ಮಾಡಿದರು.

"ಇರಿ ಸೈನಬ. ತಪ್ಪು ಎಂತ ಬಂತು? ಬಂದವರು ಹೋದ ಮೇಲೆ ಎಲ್ಲರ ಮನೆಯಲ್ಲೂ ಮಾತಾಡ್ತಾರೆ. ನಿಮ್ಮಲ್ಲಿಂದ ಬಂದ ಮೇಲೆ ನಾವೂ ಮಾತಾಡಿದ್ದೇವೆ. ನೀವು ಕೇಳ್ಲಿಲ್ಲ, ಅಷ್ಟೆ. ಲೆಕ್ಕ ಸಮ ಆಗ್ಬೇಕಲ್ಲ? ಈಗ ನಿಮ್ಮ ಮಾತು ಬಂದ್ ಮಾಡಿ ಕೂತುಕೊಳ್ಳಿ. ನಾವು ಮಾತಾಡ್ತೇವೆ. ನಾವು ಹೇಳುವವರೆಗೆ ಒಂದು ಶಬ್ದ ಬರ್ಬಾರ್ದು."

ಸಜ್ನಾ ತಮ್ಮ ಕಡೆಯ ಮೈಕ್ ಬಂದ್ ಮಾಡಿದಳು. ಬೀಪಾತುಮ್ಮ ಆರಾಮವಾಗಿ ಕಾಲು ಮಡಚಿ ಕೂತು, ಎದುರಿನ ಪರದೆಯಲ್ಲಿ ಯಾರೂ ಇಲ್ಲವೇ ಇಲ್ಲವೆಂಬಂತೆ ಮಗಳ ಕಡೆ ತಿರುಗಿದರು.

"ನಾವು ಕರೆದ ಮೇಲೆಯೇ ಹೋದದ್ದಲ್ವಾ ರಶೀನಾ? ಆದ್ರೂ ಗೇಟಲ್ಲಿ ನಿಲ್ಲಿಸಿ 'ಯಾರು' ಅಂತ ಕೇಳಿದ ಆ ಮನುಷ್ಯ! ಕೈಯಲ್ಲಿ ಹಲ್ವದ ಪೆಟ್ಟಿಗೆ, ತಲೆ ಮೇಲೆ ಬಿಸಿಲು."

"ಚಹಾಕ್ಕೆ ಸಕ್ಕರೆಯೇ ಇರ್ಲಿಲ್ಲ ಉಮ್ಮ. ನಾನು ಬಿಸ್ಕೆಟ್ ಮುಳುಗಿಸಿ ಮುಳುಗಿಸಿ ಕುಡಿದೆ."

ಸೈನಬರ ಬಾಯಿ ತೆರೆಯಿತು. ಸಜ್ನಾ ಅದಕ್ಕೊಂದು ಗೋಡಂಬಿ ಹಾಕಿದಳು.

"ಆ ಮ್ಯಾನೇಜರನ ಕಥೆ ಉಂಟಲ್ಲ" ಎಂದರು ಹಾಜಿ, ತಮ್ಮ ಸರದಿಗೆ. "ಒಂದೇ ಮಧ್ಯಾಹ್ನ ನನಗೆ ಎರಡು ಸಲ ಹೇಳಿದ್ರು. ಎರಡನೇ ಸಲ ಮ್ಯಾನೇಜರ್ ಜಾಸ್ತಿ ಹೊತ್ತು ನಿಂತ."

ಮೂಸಾಕ ಎದ್ದು ನಿಂತರು, ಕೂತರು, ಮೈಕಿನ ಗುಂಡಿಯನ್ನು ನೋಡಿದರು. ಕೊಟ್ಟ ಮಾತು ಕೊಟ್ಟ ಮಾತೇ. ಇಷ್ಟು ಕಾಲ ಮಂದಿಯನ್ನು ಹೊರಗೆ ನಿಲ್ಲಿಸಿದವರಿಗೆ, ಹೊರಗೆ ನಿಂತವನ ಕಾಲು ಎಲ್ಲಿ ನೋಯುತ್ತದೆಂದು ಆಗ ತಿಳಿಯಿತು.

"ಹುಡುಗಿ ಪರವಾಗಿಲ್ಲ" ಎಂದರು ಬೀಪಾತುಮ್ಮ. "ಕೇಳುವುದನ್ನು ನೆಟ್ಟಗೆ ಕೇಳ್ತಾಳೆ. ಅಪ್ಪನದ್ದೇ ಉಪದ್ರ."

"ಅಪ್ಪನನ್ನು ನಾನು ಮದುವೆ ಆಗುವುದಲ್ವಲ್ಲ ಉಮ್ಮ" ಎಂದ ಅಝೀಮ್ ದೋಹಾದಿಂದ. "ಮತ್ತೆ ಗೇಟು ಸರಿಯಾಗಿ ತೆಗೆದಿದ್ರೆ ಎಂತ ಆಗ್ತಿತ್ತು? ಹುಷಾರಾ, ಹುಷಾರು, ಅಲ್ಲಿ ಸೆಖೆಯಾ, ಸೆಖೆ, ಇಷ್ಟೇ. ಅವರು ಗೇಟು ಹಾಕಿದ್ದಕ್ಕೆ ನನಗೆ ಆ ಮನೆಯವರ ಪೂರ್ತಿ ಪರಿಚಯ ಆಯ್ತು. ಮೊದಲನೇದಕ್ಕೆ ತೊಂದರೆ ಇಲ್ಲ ಅಂತ, ಎರಡನೇದಕ್ಕೆ ಆಯ್ತು ಅಂತ, ಮೂರನೇದಕ್ಕೆ ಕೇಳುದಿಲ್ಲ ಅಂತ ಅವಳಿಗೆ ಹೇಳಿ."

ಸಜ್ನಾ ನಗು ತಡೆಯಲು ಹಲ್ವದ ತುಂಡು ಬಾಯಿಗೆ ಹಾಕಿಕೊಂಡಳು. ಅತಿಥಿಗಳಿಗೆಂದು ಇಟ್ಟ ತಟ್ಟೆ ಆಗಲೇ ಅರ್ಧ ಖಾಲಿ.

ಹಾಜಿ ಮತ್ತೆ ಗಂಟಲು ಸರಿಪಡಿಸಿಕೊಂಡರು. "ಆಯ್ತು ಮೂಸಾಕ. ನಮ್ಮ ಲೆಕ್ಕ ಸಮ ಆಯ್ತು. ನಮಗೆ ಒಪ್ಪಿಗೆ ಉಂಟು. ನಿಮಗೆ?"

ಪುಂಜಾಲಕಟ್ಟೆಯಿಂದ ಸದ್ದಿಲ್ಲ. ಮೂಸಾಕ ಸೋಫಾದ ತುದಿಯಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಪಾಸು ಬರುವವರೆಗೆ ಕಾಯಲು ಹೇಳಲ್ಪಟ್ಟವನಂತೆ ಕೂತಿದ್ದರು.

"ಮೂಸಾಕ?" ಎಂದರು ಹಾಜಿ, ಜೀವಮಾನದಲ್ಲೇ ಮೊದಲ ಸಲ ಅವಸರದಿಂದ. "ಅಝೀಮ್, ಮತ್ತೆ ಬಂದ್ ಮಾಡಿದ್ರಾ ಈ ಮನುಷ್ಯ?"

"ಮಾತಾಡಿ ಮಾರ್ರೆ!" ಎಂದು ಸೈನಬ ಗಂಡನ ತೋಳಿಗೆ ತಿವಿದರು.

"ಅವರು ಒಪ್ಪಿಗೆ ಅಂದ್ರು. ಮಾತಾಡ್ಬಹುದು ಅಂತ ಹೇಳ್ಲಿಲ್ಲ" ಎಂದರು ಮೂಸಾಕ.

ಸಜ್ನಾ ಮೈಕ್ ತೆರೆದಳು. ಮೂಸಾಕ ಲ್ಯಾಪ್‌ಟಾಪಿನ ಹತ್ತಿರ ಬಗ್ಗಿದರು. ಮೂರೂ ಊರಿನ ಮಂದಿ ಅವರ ಬಾಯನ್ನೇ ನೋಡುತ್ತಿದ್ದರು.

"ನಾನು ಪುಂಜಾಲಕಟ್ಟೆಯ ಮೂಸಾ" ಎಂದರು. "ಸಜ್ನಾಳ ಉಪ್ಪ. ಈಗ ಒಳಗೆ ಬರಬಹುದಾ?"

ಬೀಪಾತುಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ಅಜ್ಜಿಯ ತವರು ಯಾವುದು?" ಎಂದು ಕೇಳಿದರು.